ಸೋರುವ ಬಟ್ಟಲು

ಹರಿಹರದ ಕಲಾಯಿ ಹಯಾತ್ ಸಾಬರಿಗೆ ತೂತು ಕಂಡರಾಗದು. ಪಾತ್ರೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕೇಳದೆಯೇ ತವರ ಹಾಕಿ ಮುಚ್ಚಿಬಿಡುವರು. ಅದಕ್ಕೆ ಕೂಲಿ ಕೇಳುವವರೂ ಅಲ್ಲ. ಒಳ್ಳೆಯ ಗುಣವೇ, ಆದರೆ ಒಂದು ಸಲ ಅದರಿಂದಲೇ ಪೇಚಿಗೆ ಸಿಕ್ಕಿದರು.

ಅದು ಐವತ್ತೆಂಟನೇ ಇಸವಿ. ಸುಗ್ಗಿ ಮುಗಿದ ಮೇಲೆ ಅವರು ಕುಲುಮೆಯ ತಿದಿ ಹೊತ್ತು ಕೊಕ್ಕನೂರು ದಾಟಿ ಗುಡ್ಡದ ಬುಡದ ಒಂದು ಸಣ್ಣ ಊರಿಗೆ ಹೋಗುವ ವಾಡಿಕೆ. ಮೇಲೆ ಕುರಿ ಮೇಯುವ ಕಲ್ಲುಗುಡ್ಡ, ಕೆಳಗೆ ಮಳೆ ನಂಬಿದ ಜೋಳದ ಹೊಲ, ನಡುವೆ ಒಂದು ಒರತೆ. ಒರತೆಯ ನೀರಿಗೆ ಬೆಳೆದ ಮೆಣಸಿನಕಾಯಿ, ಬದನೆ ದಾವಣಗೆರೆ ಸಂತೆ ಕಂಡರೆ ಮಾತ್ರ ಊರಿಗೆ ಉಪ್ಪು, ಬಟ್ಟೆ.

ಆ ನೀರು ಹಂಚುತ್ತಿದ್ದುದು ಗಳಿಗೆ ಬಟ್ಟಲು. ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲನ್ನು ಕೊಪ್ಪರಿಗೆಯ ನೀರಲ್ಲಿ ತೇಲಿಬಿಡುವುದು, ತುಂಬಿ ಮುಳುಗಿದರೆ ಒಂದು ಗಳಿಗೆ. ಒಬ್ಬೊಬ್ಬರ ಹೊಲಕ್ಕೆ ಇಂತಿಷ್ಟು ಗಳಿಗೆ ನೀರು. ಎಲ್ಲರ ಪಾಳಿಯೂ ಸರಿಯಾಗಿ ಒಂದು ಹಗಲು ಒಂದು ರಾತ್ರಿಗೆ ಮುಗಿಯುತ್ತಿತ್ತು. ಹೀಗಾಗಿ ಹಗಲಿನವರಿಗೆ ಸದಾ ಹಗಲೇ, ರಾತ್ರಿಯವರಿಗೆ ಸದಾ ರಾತ್ರಿಯೇ. ಹಗಲು ಕೆಂಚವೀರಪ್ಪ ಗೌಡರಂಥ ಮೇಲಿನ ತೋಟದವರದು. ರಾತ್ರಿ ಕೊನೆಯ ತುಂಡು ನೆಲದ ಕಸ್ತೂರಮ್ಮನಂಥವರದು. ಅವಳ ಗಂಡ ರಾತ್ರಿ ನೀರು ಕಟ್ಟಲು ಹೋಗಿಯೇ ಹಾವು ಕಚ್ಚಿ ಸತ್ತಿದ್ದ.

ನೀರು ಬಿಡುವ ನೀರುಗಂಟಿ ಗೋಣೆಪ್ಪನ ಮನೆಗೆ ಆ ವರ್ಷ ಹೊಸ ಸೊಸೆ ಬಂದಿದ್ದಳು. ಏನೂ ಅರಿಯದೆ ಪಾತ್ರೆಗಳ ಜೊತೆ ಬಟ್ಟಲನ್ನೂ ಕಲಾಯಿಗೆ ಕೊಟ್ಟಳು. ಸಂಜೆಗೆ ಗೋಣೆಪ್ಪ ಓಡಿಬಂದ.

"ಸಾಬ್ರೆ, ತೂತೆಲ್ಲಿ ಹೋತ್ರಿ?"

"ಸೋರ್ತಿತ್ತಲ್ಲೋ ಮಾರಾಯಾ, ಮುಚ್ಚೀನಿ. ಅದಕ್ಕೇನೂ ಕೊಡೋದು ಬ್ಯಾಡ."

"ಅದು ಇರೋದೇ ಸೋರಾಕ್ರಿ!"

ಸಾಬರು ದಬ್ಬಳ ಬಿಸಿ ಮಾಡಿ ಅಂದಾಜಿನ ಮೇಲೆ ಹೊಸ ತೂತು ಕೊರೆದುಕೊಟ್ಟರು. ಅದು ಕೂದಲೆಳೆಯಷ್ಟು ಸಣ್ಣದಾಯಿತು. ಬಟ್ಟಲು ನಿಧಾನವಾಗಿ ಮುಳುಗತೊಡಗಿತು, ಪಾಳಿ ಹಗಲು ರಾತ್ರಿಯಲ್ಲಿ ಮುಗಿಯದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಸರಿಯಿತು. ಹೀಗೆ ಸರಿಯುತ್ತಾ ಕಸ್ತೂರಮ್ಮನಿಗೂ ಹಗಲು ಬಂತು, ಗೌಡರಿಗೂ ರಾತ್ರಿ ಬಂತು. ಲಾಟೀನು ಹಿಡಿದು ಕೆಸರು ತುಳಿಯುವುದು ಗೌಡರಿಗೆ ಹೊಸದು.

ಮರುವರ್ಷ ಸಾಬರು ಕುಲುಮೆ ಹೂಡುತ್ತಿದ್ದಂತೆ ಕಸ್ತೂರಮ್ಮ ತನ್ನ ಒಂದೇ ತಪ್ಪಲೆ ತಂದಳು.

"ಈ ವರ್ಷ ನನ್ ಗಿಡಾನ ಬಿಸಿಲಾಗ ನೋಡಿದೆ ಸಾಬಣ್ಣ," ಎಂದಳು. ಬೇರೇನೂ ಕೇಳಲಿಲ್ಲ.

ಅವಳ ಹಿಂದೆಯೇ ಗೌಡರ ಕರೆ ಬಂತು. ಊರಿನ ಅರ್ಧ ಪಾತ್ರೆ ಅವರ ಮನೆಯದೇ. ಕೂಲಿಯಾಗಿ ಸಿಗುವ ಸಾಬರ ವರ್ಷದ ಜೋಳ ಹೆಚ್ಚುಕಡಿಮೆ ಅಲ್ಲಿಂದಲೇ ಬರಬೇಕು.

"ಬರ್ರಿ ಸಾಬ್ರೆ, ಕೂಡ್ರಿ. ಈ ಗಳಿಗೆ ಬಟ್ಟಲ ತೂತು ಮೊದ್ಲಿನಂಗೆ ಅಗಲ ಮಾಡ್ರಿ, ನಮ್ ಪಾಳಿ ಮತ್ತೆ ಹಗಲಿಗೇ ನಿಲ್ಲಲಿ. ಈ ವಯಸ್ಸಿನಾಗ ನಂಗ್ಯಾಕ ರಾತ್ರಿ ನೀರು?"

ಗೌಡರು ಕೆಟ್ಟವರಲ್ಲ. ರಾತ್ರಿ ಅಂದರೆ ಏನೆಂದು ಅವರಿಗೆ ಈಗಷ್ಟೇ ತಿಳಿದಿತ್ತು. ಆದರೂ ಅದನ್ನು ಬೇರೆಯವರು ಇಟ್ಟುಕೊಳ್ಳಲಿ ಎಂದೇ ಅವರ ಆಸೆ. ಸಾಬರು ಬಟ್ಟಲನ್ನು ಬೆಳಕಿಗೆ ಹಿಡಿದರು. ದಬ್ಬಳವನ್ನು ಒಮ್ಮೆ ತಿರುಗಿಸಿದರೆ ಸಾಕಿತ್ತು.

"ಆಗಲ್ರಿ ಗೌಡ್ರೆ. ತಗಡು ತೆಳುವಾಗೈತೆ, ಮುಟ್ಟಿದ್ರೆ ಸೀಳ್ತೈತೆ."

ಪಾತ್ರೆಯ ವಿಷಯದಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದು. ಗುಡ್ಡದ ದೇವರ ಮುಂದೆ ಪೂಜೆಗೊಂಡು ಬಂದ ಬಟ್ಟಲು ಸೀಳಿದರೆ ಹೊಸದಕ್ಕೆ ನೀರಿನ ಪಾಲಿನವರೆಲ್ಲ ಒಪ್ಪಬೇಕು. ಹಗಲು ಕಂಡವರು ಒಪ್ಪುವರೇ? ಗೌಡರು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡರು. ಮಧ್ಯಾಹ್ನ ಅವರ ಆಳು ಬಂದು, ಕುಲುಮೆಯ ಪಕ್ಕ ಪೇರಿಸಿದ್ದ ಗೌಡರ ಮನೆಯ ಪಾತ್ರೆಗಳನ್ನೆಲ್ಲ ಕಲಾಯಿ ಇಲ್ಲದೆ ಹಾಗೆಯೇ ಹೊತ್ತುಕೊಂಡು ಹೋದ.

ಹರಿಹರದಲ್ಲಿ ಹೆಂಡತಿ ರಹಮತ್ ಬೀ ಜೋಳದ ಚೀಲ ಎತ್ತಿ ನೋಡಿದಳು.

"ಯಾಕ್ರಿ, ಈ ಸಲ ಇಷ್ಟು ಹಗುರ?"

"ಒಂದು ತೂತು ಮುಚ್ಚಿದ್ದೆ, ಅದಕ್ಕ," ಎಂದರು ಸಾಬರು. ಊಟಕ್ಕೆ ಕೂತು ಎಲ್ಲವನ್ನೂ ಹೇಳಿದರು.

ರಹಮತ್ ಬೀ ಮರುದಿನದಿಂದ ರೊಟ್ಟಿಯನ್ನು ಸ್ವಲ್ಪ ತೆಳುವಾಗಿ ತಟ್ಟತೊಡಗಿದಳು.