ರಾಕೆಟ್ಟಿನ ಬಾಯಿ

ಗಾಣದ ಎಣ್ಣೆಯನ್ನು ಡಬ್ಬದಿಂದ ಬಾಟಲಿಗೆ ಇಳಿಸಲು ನನ್ನ ಅಡುಗೆಮನೆಯಲ್ಲಿ ಒಂದು ಲಾಳಿಕೆಯಿದೆ. ಅಂಗಡಿಯ ತಗಡಿನದಲ್ಲ, ಹಿಡಿದರೆ ಮಣಿಕಟ್ಟು ನೋಯುವ ಉಕ್ಕಿನದು. ಒಂದು ತೊಟ್ಟೂ ಚೆಲ್ಲದು. ಅಷ್ಟನ್ನಾದರೂ ನಂಜುಂಡೇಶ್ವರ ಉಳಿಸಿಕೊಟ್ಟನಲ್ಲ ಎಂದುಕೊಳ್ಳುತ್ತೇನೆ. ಅದು ರಾಕೆಟ್ಟಿನ ಬೆಂಕಿ ಹೊರಬೀಳುತ್ತಿದ್ದ ಬಾಯಿ ಎಂದರೆ ನಿಮಗೆ ನಗು ಬಂದೀತು. ನಗಿ, ನಕ್ಕವರಲ್ಲಿ ನೀವು ಮೊದಲಿಗರೇನಲ್ಲ.

ಹೊಸ ಶತಮಾನದ ಹೊಸತರಲ್ಲಿ ನಂಜನಗೂಡಿನ ಒಂದು ಬಾಡಿಗೆ ಶೆಡ್ಡಿನಲ್ಲಿ ನಮ್ಮ ಯಜಮಾನರೂ ಅವರ ಗೆಳೆಯ, ಕವಲಂದೆಯ ಮಾದಪ್ಪನವರೂ ಸೇರಿ ಚಿಕ್ಕ ರಾಕೆಟ್ಟು ಮಾಡುವ ಕಂಪನಿ ಕಟ್ಟಿದರು. ಯಜಮಾನರದು ಲೆಕ್ಕ ಮತ್ತು ಲೇತು, ಮಾದಪ್ಪನವರದು ಬಂಡವಾಳ ಮತ್ತು ಪಂಚಾಂಗ. ದೊಡ್ಡ ರಾಕೆಟ್ಟೆಂದರೆ ಮೈಸೂರು ಬಸ್ಸಿದ್ದಂತೆ, ದೊಡ್ಡ ಉಪಗ್ರಹಗಳು ಸೀಟು ಹಿಡಿದ ಮೇಲೆ ಜಾಗ ಮಿಕ್ಕರೆ ಚಿಕ್ಕವು ಹತ್ತಬೇಕು, ಅದು ನಿಂತಲ್ಲೇ ಇಳಿಯಬೇಕು. "ಚಿಕ್ಕೋರಿಗೆ ಅಂತ ಒಂದು ಆಟೋ ಬೇಡ್ವೇನೇ?" ಎಂದು ಯಜಮಾನರು ಕೇಳುವಾಗ ಅವರ ಮುಖ ದೀಪ ಹಚ್ಚಿಟ್ಟಂತಿರುತ್ತಿತ್ತು.

ಟಿ. ನರಸೀಪುರದ ಬಳಿ ಮಾದಪ್ಪನವರ ಭಾವನ ಬೀಳು ಜಮೀನಿನಲ್ಲಿ ಪರೀಕ್ಷೆ ಇಟ್ಟುಕೊಂಡರು. ಹಾರಿಸುವುದಲ್ಲ, ಎಂಜಿನ್ನನ್ನು ತಲೆಕೆಳಗಾಗಿಸಿ, ಬಾಯಿ ಆಕಾಶಕ್ಕಿಟ್ಟು, ನೆಲಕ್ಕೆ ಬಿಗಿದು, ಉರಿಸಿ, ಎಷ್ಟು ಬಲವಾಗಿ ಒತ್ತುತ್ತದೆಂದು ಅಳೆಯುವುದು. ನೋಡಲು ಬೆಂಗಳೂರಿನಿಂದ ಹಣ ಹೂಡುವವರು ಬರುವವರಿದ್ದರು. ಅವರು ಒಪ್ಪಿದರೆ ಕಂಪನಿ, ಒಪ್ಪದಿದ್ದರೆ ಶೆಡ್ಡಿಗೆ ಬೀಗ. ಅಂದು ಶುಕ್ರವಾರ. ಒಂಬತ್ತಕ್ಕೆ ಬರುತ್ತೇವೆಂದವರು ಹತ್ತೂವರೆ ದಾಟಿಸಿ ಬಂದರು.

"ಈಗ ಬೆಂಕಿ ಮುಟ್ಸಂಗಿಲ್ಲ. ರಾಹುಕಾಲ. ಅನ್ನೆರ್ಡು ಒಡೀಲಿ" ಎಂದರು ಮಾದಪ್ಪನವರು.

ಬುತ್ತಿ ಹೊತ್ತು ಹೋಗಿದ್ದ ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ: "ಅಮ್ಮನೋರಿಗೆ ನಿಂಬೆಹಣ್ಣಿನ ದೀಪ ಹಚ್ಚೋದು ಶುಕ್ರವಾರದ ರಾಹುಕಾಲದಲ್ಲೇ ಅಲ್ವೇನಣ್ಣ? ಬೆಂಕಿಗೆಂಥ ದೋಷ?"

"ಅದು ಎಂಗಸ್ರ ಪೂಜೆ ಕಣಕ್ಕಾ. ಇದು ಮಿಷಿನ್ನು. ನೀವು ಓಗಿ ಎಲೆ ಆಕಿ."

ರಾಹುವನ್ನೂ ನಂಬದ, ಕೇತುವನ್ನೂ ನಂಬದ ನಮ್ಮ ಯಜಮಾನರು ಬಂಡವಾಳ ಹಾಕಿದ ಗೆಳೆಯನ ಮಾತಿಗೆ ಒಪ್ಪಿ, ಬಿಗಿದಿದ್ದ ಬೋಲ್ಟುಗಳನ್ನೇ ಮತ್ತೆ ಬಿಗಿಯಲು ಹೋದರು. ನಾನು ಎಲೆ ಹಾಕಿದೆ.

ಬಂದವರು ಹೊಂಗೆಮರದಡಿ ಕೂತು ಗಡಿಯಾರ ನೋಡಿದರು, ನನ್ನ ಪುಳಿಯೋಗರೆಯನ್ನು ಕೇಳಿ ಹಾಕಿಸಿಕೊಂಡು ಉಂಡರು, ವಿಮಾನಕ್ಕೆ ಹೊತ್ತಾಯಿತೆಂದು ಎದ್ದರು. "ಪಂಚಾಂಗ ನೋಡಿ ರಾಕೆಟ್ ಹಚ್ಚೋರಿಗೆ ಹೇಗ್ರೀ ದುಡ್ಡು ಹಾಕೋದು?" ಎಂದ ಅವರ ಹಿರಿಯನ ಬೆರಳುಗಳಲ್ಲಿ ಒಂದೊಂದು ಗ್ರಹಕ್ಕೂ ಒಂದೊಂದು ಹರಳಿನ ಉಂಗುರವಿತ್ತು. ಕಾರು ಎಬ್ಬಿಸಿದ ಧೂಳು ಎಲೆಗಳ ಮೇಲೆ ಕೂತಿತು.

ಹನ್ನೆರಡು ಹೊಡೆದ ಮೇಲೆ ಹಚ್ಚಿದರು. ನೆಲ ನಡುಗಿತು, ಕಣ್ಣು ಕೋರೈಸುವ ಬೆಂಕಿ ಒಂದಿಷ್ಟೂ ಓಲಾಡದೆ, ಬರೆದ ಗೆರೆಯಂತೆ ಮೇಲಕ್ಕೆ ನಿಂತಿತು. ಯಜಮಾನರ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ನೋಡಿದವರು ನಾವು ಮೂವರು, ಮತ್ತೊಬ್ಬ ಆಡು ಕಾಯುವವನು. "ಬೆಂಕಿಯೇನೋ ಮ್ಯಾಕ್ಕೋಯ್ತು, ರಾಕೆಟ್ಟೆಲ್ಲಣ್ಣೋ?" ಎಂದು ಅವನು ನಕ್ಕ.

ಶೆಡ್ಡಿಗೆ ಬೀಗ ಬಿತ್ತು. ಯಜಮಾನರು ಈಗ ಯಾರದೋ ವರ್ಕ್‌ಶಾಪಿನಲ್ಲಿ ಬೋರ್‌ವೆಲ್ ಪಂಪಿನ ಶಾಫ್ಟು ಕಡೆಯುತ್ತಾರೆ. ಯಾರಿಗೂ ಸುಡಲಿಲ್ಲ, ಮನೆಯಲ್ಲಿ ಒಲೆ ಆರಲಿಲ್ಲ, ಅದೂ ಪುಣ್ಯವೇ. ಮಾದಪ್ಪನವರು ದೇವಸ್ಥಾನದಲ್ಲಿ ಸಿಕ್ಕರೆ ಇಂದಿಗೂ ಅನ್ನುತ್ತಾರೆ: "ರಾಹುಕಾಲ ತಪ್ಪಿಸ್ದೆ ನೋಡಕ್ಕಾ, ಅದುಕ್ಕೇ ಸಿಡೀಲಿಲ್ಲ." ಸಣ್ಣ ಸಣ್ಣ ಉಪಗ್ರಹಗಳಿಗೆ ಹೊರದೇಶದಲ್ಲಿ ಯಾರೋ ಸಣ್ಣ ರಾಕೆಟ್ಟು ಮಾಡುತ್ತಿದ್ದಾರೆಂದು ಮೊನ್ನೆ ಪತ್ರಿಕೆಯಲ್ಲಿತ್ತು. ಯಜಮಾನರು ಓದಿ, ಮಡಚಿಟ್ಟು, ಕೆಲಸಕ್ಕೆ ಹೋದರು.

ನಾನೂ ದೇವರನ್ನು ನಂಬಿದವಳೇ. ಆದರೆ ಬೆರಳಲ್ಲಿದ್ದರೆ ಒಡವೆ, ಪಂಚಾಂಗದಲ್ಲಿದ್ದರೆ ಶಾಸ್ತ್ರ, ನನ್ನ ಬಾಯಲ್ಲಿ ಬಂದರೆ ಹೆಂಗಸರ ಪೂಜೆಯಾಗುವ ಈ ನಂಬಿಕೆ ದೇವರು ಹಂಚಿದ್ದಲ್ಲ, ಎಲೆಯ ಮುಂದೆ ಕೂತವರು ಹಂಚಿಕೊಂಡದ್ದು.

ಇವತ್ತೂ ಶುಕ್ರವಾರ. ಗಂಟೆ ಹತ್ತೂವರೆ. ಹಿಂಡಿದ ನಿಂಬೆಹಣ್ಣಿನ ಹೋಳನ್ನು ಒಳಮೈ ಹೊರಗಾಗುವಂತೆ ಮಗುಚಿ, ಅದೇ ಲಾಳಿಕೆಯಿಂದ ಇಳಿಸಿದ ಎಣ್ಣೆ ತುಂಬಿ, ಬತ್ತಿಗೆ ಕಡ್ಡಿ ಮುಟ್ಟಿಸಿದ್ದೇನೆ. ಜ್ವಾಲೆ ಓಲಾಡದೆ ಮೇಲಕ್ಕೆ ನಿಂತಿದೆ. ಈ ಹೊತ್ತಿನಲ್ಲಿ ಹಚ್ಚಿದ್ದು ಒಂದು ವಾರವೂ ಕೆಟ್ಟಿಲ್ಲ.