ಕೊಯಮತ್ತೂರಿನ ನೀರು

ದಾವಣಗೆರೆಯ ಹವೆಯನ್ನು ಯಾರಾದರೂ ಹೊಗಳಿದರೆ ನನಗೆ ಮೈಯುರಿಯುತ್ತದೆ. ಹೊಗಳುವವರು ಹೆಚ್ಚಾಗಿ ಎರಡು ದಿನ ಇದ್ದು, ಬೆಣ್ಣೆದೋಸೆ ತಿಂದು, ಕೈ ಒರೆಸಿಕೊಂಡು ಹೋಗುವವರು. ಮಂಡಕ್ಕಿ ಭಟ್ಟಿಗಳ ಕಡೆ ಅವರು ತಲೆ ಹಾಕುವುದಿಲ್ಲ. ನಾನು ಅಲ್ಲೇ ಬಾಡಿಗೆಗಿದ್ದು, ಆಮೇಲೆ ಅದೇ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡವನು. ಅಕ್ಕಿಯನ್ನು ಹುರಿದು ಮಂಡಕ್ಕಿ ಮಾಡುವ ಒಲೆಗಳು ಬೆಳಗಾಗುವುದರೊಳಗೆ ಹೊತ್ತಿಕೊಳ್ಳುತ್ತವೆ. ಉರಿಯುವುದು ಭತ್ತದ ಹೊಟ್ಟು. ತಂತಿಯ ಮೇಲೆ ಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಭಟ್ಟಿಯವರನ್ನು ಬೈಯುವ ಹಕ್ಕೂ ನನಗಿಲ್ಲ. ಅವರ ಮಂಡಕ್ಕಿಯನ್ನು ಮಿರ್ಚಿಯ ಜೊತೆ ಪ್ರತಿ ಸಂಜೆ ಮೆಲ್ಲುತ್ತಿದ್ದವನು ನಾನೇ.

ನನ್ನ ಹೆಂಡತಿಗೆ ಉಬ್ಬಸ. ಹರಿಹರದಿಂದ ಮದುವೆಯಾಗಿ ಬಂದಾಗ ಅವಳಿಗೆ ಅಂಥದ್ದೇನೂ ಇರಲಿಲ್ಲ. ಎರಡು ಕೊಡ ನೀರನ್ನು ಒಟ್ಟಿಗೆ ಹೊತ್ತು ತರುತ್ತಿದ್ದವಳು. ಐದಾರು ವರ್ಷಕ್ಕೆ ಕೆಮ್ಮು ಶುರುವಾಯಿತು, ಹತ್ತು ವರ್ಷಕ್ಕೆ ಎದೆಯಲ್ಲಿ ಸುಂಯ್‌ಗುಟ್ಟುವ ಶಬ್ದ. ಆಮೇಲೆ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಸೆರಗಿನ ಗಂಟಿನಲ್ಲಿ ಖಾಯಂ ಆಯಿತು. ಪಿ.ಜೆ. ಬಡಾವಣೆಯ ಡಾಕ್ಟರು ಕೊನೆಗೆ ಒಂದು ದಿನ ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಔಷಧಿ ನಾನು ಕೊಡ್ತೀನಿ. ಗಾಳಿ ಎಲ್ಲಿಂದ ಕೊಡ್ಲಿ? ಆಗೋದಾದ್ರೆ ಊರು ಬದಲಾಯಿಸ್ರಿ" ಅಂದರು.

ಊರು ಬದಲಾಯಿಸುವುದೇನು ಅಂಗಿ ಬದಲಾಯಿಸಿದಂತೆಯೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವಳು ಮಾತಾಡಲಿಲ್ಲ. ಉಸಿರಾಟದ ತೊಂದರೆ ಇರುವವರು ಮಾತನ್ನು ಉಳಿಸಿಕೊಂಡು ಬಳಸುತ್ತಾರೆ ಎಂಬುದು ನನಗೆ ಬಹಳ ತಡವಾಗಿ ತಿಳಿದ ಸಂಗತಿ.

ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂತು. ಇದು ಏಳು ವರ್ಷದ ಹಿಂದಿನ ಮಾತು. ನಾನು ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನಿನ ಮೇಸ್ತ್ರಿಯಾಗಿದ್ದೆ. ನಮ್ಮ ಮಾಲೀಕರು ಕೊಯಮತ್ತೂರಿನಲ್ಲಿ ಇನ್ನೊಂದು ಶೆಡ್ಡು ತೆಗೆದಿದ್ದರು. ಒಬ್ಬ ಹಳಬ ಅಲ್ಲಿಗೆ ಬೇಕಾಗಿತ್ತು. "ಅಲ್ಲಿ ಹವಾ ಚಲೋ ಐತೆ. ನಿಮ್ಮ ಮನೆಯಾಕೆಗೂ ಅನುಕೂಲ ಆಗ್ತೈತೆ. ಇರಾಕೆ ಮನೆ ನಾವೇ ಕೊಡ್ತೀವಿ" ಅಂದರು. ಮಗಳು ಆಗಲೇ ಗಂಡನ ಮನೆ ಸೇರಿದ್ದಳು. ಮನೆಯಲ್ಲಿ ಇದ್ದವರು ನಾನು, ಹೆಂಡತಿ, ನನ್ನ ಅವ್ವ, ಮೂರೇ ಜನ.

ಆ ಎರಡು ವಾರ ನಮ್ಮ ಮನೆಯಲ್ಲಿ ಹೋಗುವುದೋ ಬಿಡುವುದೋ ಎಂದು ತೂಗಿದ್ದೇ ತೂಗಿದ್ದು. ಓಣಿಯವರಿಗೂ ಕೈತುಂಬ ಕೆಲಸ ಸಿಕ್ಕಿತು. ತಮಿಳುನಾಡೆಂದರೆ ಬೆಂಕಿ ಬಿಸಿಲು ಎಂದು ಒಬ್ಬರು ಹೇಳಿದರು. ಅವರು ಆ ಕಡೆ ಹೋಗಿದ್ದು ಒಂದೇ ಸಲ, ಅದೂ ಮೇ ತಿಂಗಳಲ್ಲಿ ರಾಮೇಶ್ವರಕ್ಕೆ. ಅಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲ ಎಂದು ಇನ್ನೊಬ್ಬರು ಮರುಗಿದರು. ನೀರಿನ ಗಲಾಟೆ ಎದ್ದರೆ ಕನ್ನಡದವರ ಗತಿ ಏನು ಎಂದು ಮತ್ತೊಬ್ಬರು ಹೆದರಿಸಿದರು. ನನ್ನ ಹೆಂಡತಿಯ ಎದೆಯ ಸುಂಯ್‌ಗುಟ್ಟುವ ಶಬ್ದ ಇವರೆಲ್ಲರಿಗೂ ಕೇಳುತ್ತಿತ್ತು, ಅದರ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಹೆಂಡತಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಗೆರೆ ಎಳೆದು ಒಂದು ಕಡೆ 'ಇಲ್ಲಿ', ಇನ್ನೊಂದು ಕಡೆ 'ಅಲ್ಲಿ' ಎಂದು ಬರೆದಳು. ಇಲ್ಲಿ ಎಂಬುದರ ಕೆಳಗೆ ಸ್ವಂತ ಮನೆ, ನೆಂಟರು, ಮಾತು, ರೊಟ್ಟಿ, ಮಗಳ ಊರಿಗೆ ಒಂದೇ ಬಸ್ಸು ಎಂದೆಲ್ಲ ನಾನು ಹೇಳಿ ಬರೆಸಿದೆ. ಅಲ್ಲಿ ಎಂಬುದರ ಕೆಳಗೆ ಅವಳು ಒಂದೇ ಮಾತು ಬರೆದಳು: ಗಾಳಿ. ಬರೆದು, ಹಾಳೆಯನ್ನು ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟಳು.

ತೀರ್ಪು ಕೊಡುವವಳು ಅವ್ವ. ಅವಳು ಹತ್ತಿರದ ಬಾತಿ ಹಳ್ಳಿಯವಳು, ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಅವಳ ತವರಿನಲ್ಲಿ ದೂರದ ಊರಿಗೆ ಹೆಣ್ಣು ಕೊಡುವ ಮುಂಚೆ ಆ ಊರಿನ ಒಂದು ಕೊಡ ನೀರು ತರಿಸುತ್ತಿದ್ದರಂತೆ. ಹೋಗಿ ಬಾಳಬೇಕಾದ ಹೆಣ್ಣು ಮೊದಲು ಹೊಸ್ತಿಲಲ್ಲಿ ನಿಂತು ಒಂದು ಗುಟುಕು ಕುಡಿಯಬೇಕು. ಉಳಿದ ನೀರಿನಲ್ಲಿ ತೊಗರಿಬೇಳೆ ಬೇಯಿಸಬೇಕು. ಬೇಳೆ ಕರಗಿದರೆ ಆ ಊರು ಮೈಗೆ ಒಗ್ಗುತ್ತದೆ. ಇಡಿಯಾಗಿ ಉಳಿದರೆ ಆ ಸಂಬಂಧ ಬೇಡ. ಅವ್ವನಿಗೆ ಈ ಲೆಕ್ಕದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಗಾಳಿ ಕಣ್ಣಿಗೆ ಕಾಣಂಗಿಲ್ಲ ತಮ್ಮಾ. ನೀರು ಕಾಣ್ತೈತೆ. ಮನುಷ್ಯ ಸುಳ್ಳು ಹೇಳ್ತಾನೆ, ನೀರು ಹೇಳಂಗಿಲ್ಲ. ಹೆಂಗೂ ಊರು ನೋಡಾಕೆ ಹೊಂಟೀಯಲ್ಲ, ಒಂದು ಕ್ಯಾನು ನೀರು ತಗಂಡು ಬಾ" ಅಂದಳು. ನಾನು ನಕ್ಕೆ. ನಗುತ್ತಲೇ ಐದು ಲೀಟರಿನ ಕ್ಯಾನನ್ನು ತೊಳೆದು ಚೀಲದಲ್ಲಿಟ್ಟುಕೊಂಡೆ.

ಕೊಯಮತ್ತೂರಿಗೆ ನಾನು ಹೋದದ್ದು ಜೂನ್ ತಿಂಗಳಲ್ಲಿ. ಮಧ್ಯಾಹ್ನ ಬಿಸಿಲಿತ್ತು, ಸುಳ್ಳೇಕೆ ಹೇಳಲಿ. ಆದರೆ ಸಂಜೆ ನಾಲ್ಕು ದಾಟುವುದೇ ತಡ, ಪಡುವಣದ ಬೆಟ್ಟಗಳ ಕಡೆಯಿಂದ ಗಾಳಿ ಬೀಸತೊಡಗಿತು. ನಮಗೆ ಕೊಡಬೇಕೆಂದಿದ್ದ ಮನೆ ಊರಂಚಿನಲ್ಲಿತ್ತು, ಹಿಂದೆ ತೆಂಗಿನ ತೋಟ. ಜಗಲಿಯ ಮೇಲೆ ಕೂತರೆ ಅಂಗಿ ಬೆನ್ನಿಗೆ ಅಂಟುತ್ತಿರಲಿಲ್ಲ. ಹೆಂಡತಿ ಇಲ್ಲಿ ಕೂತು ಅಕ್ಕಿ ಆರಿಸುವುದು ಕಣ್ಣಿಗೆ ಕಟ್ಟಿತು, ಪಂಪು ಎಲ್ಲೋ ಒಳಗೆ ಗೂಡಿನಲ್ಲಿ ಧೂಳು ತಿನ್ನುತ್ತಿರುವುದೂ. ಪಕ್ಕದ ಮನೆಯವರು ಒಂದು ಲೋಟ ನೀರು ಕೊಟ್ಟರು. ಅಷ್ಟು ಸಿಹಿಯಾದ ನೀರನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಅವರ ನಲ್ಲಿಯಿಂದಲೇ ಕ್ಯಾನು ತುಂಬಿಸಿಕೊಂಡೆ.

ಕೆಟ್ಟದ್ದು ನಡೆದದ್ದು ಮಾರನೆಯ ದಿನ, ಶೆಡ್ಡಿನಲ್ಲಿ. ಅಲ್ಲಿ ಕೈಯಿಂದ ನಡೆಸುವ ಲೇತ್ ಒಂದೂ ಇರಲಿಲ್ಲ. ಎಲ್ಲವೂ ಕಂಪ್ಯೂಟರ್ ಮಷೀನುಗಳು. ಹರಿಹರದಲ್ಲಿ ಲೇತಿನ ಶಬ್ದ ಕೇಳಿಯೇ ಟೂಲು ಮೊಂಡಾಗಿದೆ ಎಂದು ಹೇಳುವ ಮೇಸ್ತ್ರಿ ನಾನು. ಇಲ್ಲಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳೊಬ್ಬಳು ನಾನು ಒತ್ತಲು ಹೋದ ಬಟನ್ನಿನಿಂದ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮೂರು ತಿಂಗಳಲ್ಲಿ ಕಲಿಯಬಹುದು ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಒಳ್ಳೆಯ ನಗುವೇ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ವಾಪಸು ಹೊರಡುವಾಗ ಆ ಊರಿನ ಗಾಳಿಯ ನೆನಪಿರಲಿಲ್ಲ, ಸರಿಸಿದ ಆ ಕೈಯ ನೆನಪೇ ಇತ್ತು.

ಬೆಂಗಳೂರಿನಲ್ಲಿ ರೈಲು ಬದಲಿಸಿ ಕೂತ ಮೇಲೆ ಕ್ಯಾನಿನ ಮುಚ್ಚಳ ಸಡಿಲವಾಯಿತು. ಎದುರಿಗೆ ಕೂತವರ ಬಟ್ಟೆ ಚೀಲ ನೆನೆದು, ಅವರು ಬಾಯಿಗೆ ಬಂದಂತೆ ಬೈದಾಗಲೇ ನನಗೆ ಎಚ್ಚರ. ಎತ್ತಿ ನೋಡಿದರೆ ತಳದಲ್ಲಿ ಅಂಗೈಯಷ್ಟು ನೀರೂ ಇಲ್ಲ. ಇಳಿದದ್ದು ಹರಿಹರದಲ್ಲಿ. ನನ್ನ ಗಾಡಿ ಅಲ್ಲಿತ್ತು, ಸ್ಟೇಷನ್ನಿನ ಹತ್ತಿರ ನನ್ನ ಮಾವನವರು ಹಿಂದೆ ಇದ್ದ ಓಣಿಯಲ್ಲಿ, ಗುರುತಿನವರ ಅಂಗಳದಲ್ಲಿ. ಮಾವನವರು ಆ ಮನೆ ಮಾರಿ ಬಹಳ ವರ್ಷವಾಗಿತ್ತು. ಓಣಿಯ ಮೂಲೆಯಲ್ಲಿ ಹಳೆಯ ಬೋರಿಂಗ್ ಇನ್ನೂ ಇತ್ತು, ಕೈಯಲ್ಲಿ ಹೊಡೆದು ನೀರೆತ್ತುವಂಥದ್ದು. ಖಾಲಿ ಕ್ಯಾನು ಹಿಡಿದು ಹೊಸ್ತಿಲು ದಾಟಿದರೆ ಅವ್ವ ಅಪಶಕುನ ಎಂದು ರಂಪ ಮಾಡುತ್ತಾಳೆ. ಒಂದು ಕೈಯಲ್ಲಿ ಬೋರಿಂಗ್ ಹೊಡೆದೆ, ಇನ್ನೊಂದು ಕೈಯಲ್ಲಿ ಕ್ಯಾನು ಹಿಡಿದೆ. ಆ ಹೊತ್ತಿನಲ್ಲಿ ಮೋಸದ ಯೋಚನೆ ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನೀರು ನೀರೇ ತಾನೆ ಅಂದುಕೊಂಡೆ.

ಮನೆಯಲ್ಲಿ ಅವ್ವ ಎರಡು ಪಾತ್ರೆ ತೊಳೆದಿಟ್ಟು ಕಾಯುತ್ತಿದ್ದಳು. ಹೆಂಡತಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಲೋಟಕ್ಕೆ ಸುರಿದು ಕೊಟ್ಟಳು. ಅವಳು ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದಳು. ಆಮೇಲೆ ಇನ್ನೊಂದು ಗುಟುಕು ಕುಡಿದಳು. "ಹೆಂಗೈತೆ?" ಎಂದು ಅವ್ವ ಕೇಳಿದಳು. "ನೀರಿನಂಗೆ ಐತೆ ಅತ್ತೆ" ಎಂದು ಲೋಟ ಕೆಳಗಿಟ್ಟಳು.

ಕುಕ್ಕರಿನಲ್ಲಿ ಕಲ್ಲೂ ಬೇಯುತ್ತದೆ ಎಂದು ಅವ್ವ ತೆರೆದ ಪಾತ್ರೆಗಳನ್ನೇ ಇಟ್ಟಿದ್ದಳು. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಕ್ಯಾನಿನದು. ನಮ್ಮ ನಲ್ಲಿ ನೀರಿನ ಬೇಳೆ ಸೌಟಿಗೆ ಸಿಗದಂತೆ ಕರಗಿತು. ಕ್ಯಾನಿನ ನೀರಿನ ಬೇಳೆ ಬಿಳಿ ನೊರೆ ಕಾರುತ್ತಾ ಇಡಿಯಾಗಿಯೇ ಕುದಿಯಿತು. ಅರ್ಧ ಗಂಟೆ ಹೆಚ್ಚಿಗೆ ಬೇಯಿಸಿದರೂ ಬೆರಳಿಗೆ ಗಟ್ಟಿ. ಅವ್ವ ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದಳು.

"ನೋಡು. ಈ ನೀರು ಕುಡಿದ್ರೆ ದಮ್ಮಿನ ಜೊತಿಗೆ ಹೊಟ್ಟಿನೂ ಹೋಗ್ತೈತೆ. ಬ್ಯಾಡ. ಮುಗೀತು."

ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ರೈಲಿನಲ್ಲಿ ಚೆಲ್ಲಿಹೋಯಿತು ಅವ್ವಾ, ಇದು ಹರಿಹರದ ಬೋರಿಂಗ್ ನೀರು, ಇಷ್ಟು ಸಾಕಿತ್ತು. ಒಂದು ಉಸಿರಿನ ಮಾತು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಒಳಗೊಳಗೆ ಹಗುರಾಗಿತ್ತು. ಬಟನ್ನಿನ ಮುಂದೆ ನಿಂತು ಅ ಆ ಇ ಈ ಕಲಿಯುವುದು ತಪ್ಪಿತಲ್ಲ! ಬರಲೊಲ್ಲೆ ಎಂದು ನಾನು ಹೇಳಬೇಕಾದ್ದನ್ನು ನಾಲ್ಕು ತೊಗರಿ ಕಾಳು ಹೇಳಿದ್ದವು. ಸಾಲದ್ದಕ್ಕೆ ನಾನೂ ಒಗ್ಗರಣೆ ಹಾಕಿದೆ. "ಸೊಳ್ಳೆ ಬ್ಯಾರೆ ಭಾಳ ಅದಾವೆ. ಮಾತು ಒಂದೂ ತಿಳಿಯಂಗಿಲ್ಲ" ಅಂದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಎದ್ದು ಹೊರಗೆ ಹೋದೆ.

ಮಾಲೀಕರಿಗೆ ಅವ್ವ ಒಪ್ಪುತ್ತಿಲ್ಲ ಎಂದು ಹೇಳಿದೆ. ಬೇರೊಬ್ಬರು ಹೋದರು. ಅವರು ಹಬ್ಬಕ್ಕೆ ಬಂದಾಗ ಅಲ್ಲಿ ಚಳಿಗಾಲಕ್ಕೆ ಸ್ವೆಟರ್ ಬೇಕಾಗುತ್ತದೆ ಮಾರಾಯರೇ ಎಂದು ಹೇಳಿಕೊಂಡು ಓಡಾಡಿದರು. ನಾನು ಅವರಿಗೆ ಸಿಗದಂತೆ ದಾರಿ ಬದಲಿಸುತ್ತಿದ್ದೆ. ಇಲ್ಲಿ ಹೆಂಡತಿಗೆ ವರ್ಷದಿಂದ ವರ್ಷಕ್ಕೆ ನಡೆಯುವ ದೂರ ಕಡಿಮೆಯಾಯಿತು. ಮೊದಲು ಸಂತೆ ನಿಂತಿತು, ಆಮೇಲೆ ಗುಡಿ, ಆಮೇಲೆ ಓಣಿಯ ತುದಿಯ ಕಿರಾಣಿ ಅಂಗಡಿ. ಬೇಸಿಗೆಯಲ್ಲಿ ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಧಗೆ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಸಾಯುವ ತನಕ ಬಂದವರಿಗೆಲ್ಲ ಆ ಬೇಳೆಯ ಕಥೆ ಹೇಳಿ, ಸೊಸೆಯನ್ನು ತಾನು ಉಳಿಸಿದೆ ಎಂದು ನಂಬಿಕೊಂಡೇ ಹೋದಳು.

ಈ ಬೇಸಿಗೆಯಲ್ಲಿ ಮತ್ತೆ ಪಿ.ಜೆ. ಬಡಾವಣೆಯ ಆಸ್ಪತ್ರೆ. ಹಳೆಯ ಡಾಕ್ಟರು ಇರಲಿಲ್ಲ, ಅವರ ಜಾಗದಲ್ಲಿ ಹೊಸಬರು. ಹೆಂಡತಿಯ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಇದು ಇನ್ನು ಹಿಂದಕ್ಕೆ ಬರುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು ಅಂದರು. "ಇಷ್ಟು ವರ್ಷದಾಗೆ ಊರು ಬಿಡೋ ಅವಕಾಶ ಬರ್ಲೇ ಇಲ್ಲೇನ್ರಿ?" ಎಂದು ಕೇಳಿದರು.

"ಬಂದಿತ್ರಿ. ಆ ಊರಿನ ನೀರು ಸರಿ ಇಲ್ಲಂತ ಇವರೇ ಕ್ಯಾನಿನಾಗೆ ತಂದು ತೋರ್ಸಿದ್ರು" ಅಂದಳು. ನನ್ನ ಕಡೆ ನೋಡಲಿಲ್ಲ.

ಹೊರಗೆ ಬಂದು ಬೇವಿನ ಮರದ ನೆರಳಿನ ಕಟ್ಟೆಯ ಮೇಲೆ ಆಟೋಕ್ಕೆ ಕಾಯುತ್ತಾ ಕೂತೆವು. ಇನ್ನು ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು.

"ಆ ನೀರು ಕೊಯಮತ್ತೂರಿಂದು ಅಲ್ಲ" ಅಂದೆ.

"ಗೊತ್ತೈತೆ."

ನಾನು ಅವಳ ಕಡೆ ಮುಖ ತಿರುಗಿಸಿದೆ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

"ನಮ್ಮ ಓಣಿ ಬೋರಿಂಗಿಂದು. ಬಾಯಿಗೆ ಬಿದ್ದ ಕೂಡ್ಲೆ ಗೊತ್ತಾತು. ಎರಡ್ನೇ ಗುಟುಕು ಯಾಕ ಕುಡಿದೆ ಅನ್ಕಂಡ್ರಿ? ಮದುವಿ ಆಗೋ ತನಕ ಅದನ್ನ ಹೊಡೆದು ಹೊತ್ತಾಕಿ ನಾನು."

"ಮತ್ತೆ ಆವತ್ತೇ ಯಾಕ ಹೇಳ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ. ಬರಾಕೆ ಮನಸಿಲ್ಲ ಅಂತ ಬಾಯಿಬಿಟ್ಟು ಅಂದಿದ್ರೆ..." ಅಲ್ಲಿಗೆ ಉಸಿರು ನಿಂತಿತು. ಪಂಪು ಎಳೆದುಕೊಂಡಳು, ಕಣ್ಣು ಮುಚ್ಚಿ ಸುಧಾರಿಸಿಕೊಂಡಳು. "ಅಂದಿದ್ರೆ ನಾನೇ ಬ್ಯಾಡ ಬಿಡ್ರಿ ಅಂತಿದ್ದೆ. ಅತ್ತೆ ಮುಂದೆ ಹೇಳಾಕೆ ನಿಮಗೆ ನಾಚಿಕಿ ಇರ್ಬೇಕು ಅಂತ ಅವರು ಇರೋ ತನಕ ಕಾದೆ. ಅವರು ಹೋದ ಮ್ಯಾಲೆ ಇನ್ನೊಂದು ವರ್ಷ ಕಾದೆ. ಆಮ್ಯಾಲೆ ಬಿಟ್ಟೆ."

ಆಟೋ ಬಂದು ನಿಂತಿತು. ಎಲ್ಲಿಗೆ ಎಂದು ಆಟೋದವನು ಕೇಳಿದ. ಅವಳೇ "ಮಂಡಕ್ಕಿ ಭಟ್ಟಿ ಕಡೆ ಹೊಡಿಯಪ್ಪ" ಎಂದು ಹೇಳಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಹತ್ತಿ ಕೂತಳು.