ಜೇಬಿಗೆ ಇಳಿಯದ ರಿವಾಲ್ವರ್

ನಾವು ವಲಸೆ ಬಂದು ನೆಲೆಸಿದ ಡ್ಯಾಂಡಿನಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮಾತಾಡುವಾಗಲೆಲ್ಲ ಕೋಟಿನ ಬಲಜೇಬನ್ನು ತಟ್ಟಿಕೊಳ್ಳುತ್ತಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಅವರಿಗೆ ಹಲ್ಲು ಮುರಿಯುವಂತೆ ಹೊಡೆದು ಫೋನ್ ಕಿತ್ತುಕೊಂಡ ಮೇಲೆ ಬಂದ ಅಭ್ಯಾಸ ಅದು.

“ಇಲ್ಲೊಂದು ಇರ್ಬೇಕು ನೋಡಮ್ಮಾ,” ಎನ್ನುತ್ತಿದ್ದರು.

ಆತ್ಮರಕ್ಷಣೆಗೆಂದರೆ ಈ ದೇಶದಲ್ಲಿ ಗನ್ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ ಶೂಟಿಂಗ್ ಕ್ಲಬ್ ಸೇರಿ, ಆಟದ ಹೆಸರಿನಲ್ಲಿ ಸಿಗುವುದರಲ್ಲೇ ಚಿಕ್ಕ ರಿವಾಲ್ವರ್ ಕೊಂಡರು. ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕ್ಲಬ್ಬಿಗೆ ಹೋಗಿ ಬಂದು ಮತ್ತೆ ಸೇಫ್ ಸೇರುತ್ತಿತ್ತು. ಜೇಬಿಗೆ ಒಂದು ದಿನವೂ ಇಳಿಯಲಿಲ್ಲ. ಗುರಿ ಮಾತ್ರ ಚೆನ್ನಾಗಿತ್ತಂತೆ, ರಟ್ಟಿನ ಮೇಲೆ.

ಆಯುಧಪೂಜೆಯ ದಿನ ಅದನ್ನು ಕಾರಿನ ಕೀ ಪಕ್ಕದಲ್ಲಿ ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರು. ಎಲ್ಲರೂ ಕೈಮುಗಿದರು. ಕೈಮುಗಿದವರಲ್ಲೇ ಯಾರೋ ಅದನ್ನು ಪೊಲೀಸರಿಗೆ ಕಳಿಸಿದರು. ಸೇಫಿನ ಹೊರಗಿಟ್ಟ ತಪ್ಪಿಗೆ ರಿವಾಲ್ವರೂ ಹೋಯಿತು, ಲೈಸೆನ್ಸೂ ಹೋಯಿತು.

ಮರುವರ್ಷ ಹಬ್ಬದ ದಿನ ಹೋದಾಗ ಅಂಕಲ್ ಖಾಲಿ ಸೇಫಿಗೇ ಕುಂಕುಮ ಹಚ್ಚುತ್ತಿದ್ದರು. ನಾನು ಸುಮ್ಮನೆ ಫೋಟೋಗೆಂದು ಫೋನ್ ಎತ್ತಿದೆ. ಅವರ ಕೈ ತಟ್ಟನೆ ಜೇಬಿಗೆ ಹೋಯಿತು.

“ಫೋಟೋ ಬೇಡಮ್ಮಾ,” ಎಂದರು. “ಸ್ಟೇಷನ್ನಲ್ಲಿ ಹೊಡೆದೋರ ಮುಖಾನಾದ್ರೂ ನೋಡಿದ್ದೆ.”